ಇಸ್ತ್ರಿಯ ಬಿಸಿಗೆ ಓಡುವ ಎಂಜಿನ್ನು

ಹೊಲಿಗೆಯಕ್ಕನ ಅಂಗಡಿಗೆ ಕಾಲಿಟ್ಟವರ ಕಿವಿಗೆ ಮೊದಲು ಬೀಳುತ್ತಿದ್ದದ್ದು ಮಷಿನ್ನಿನ ಸದ್ದಲ್ಲ, ಅವಳ ಬೈಗುಳ. ಹೆದರಬೇಕಾದ್ದೇನೂ ಇರಲಿಲ್ಲ, ಆ ಬೈಗುಳ ಗಿರಾಕಿಗಳಿಗಲ್ಲ, ಬಾಬಿನ್ನಿಗೆ. ಕಾಲರಿನ ಮೂಲೆ ತಿರುಗಿಸುವ ಹೊತ್ತಿಗೆ ಸರಿಯಾಗಿ ಮಷಿನ್ನಿನ ಹೊಟ್ಟೆಯೊಳಗಿನ ಆ ಪುಟ್ಟ ಉರುಳೆಯಲ್ಲಿ ದಾರ ಮುಗಿದಿರುತ್ತಿತ್ತು. ಮೇಲಿನ ಸೂಜಿ ಮಾತ್ರ ತನಗೇನೂ ಗೊತ್ತಿಲ್ಲದಂತೆ ಟಕಟಕ ಕುಣಿಯುತ್ತ ಹೋಗುತ್ತಿತ್ತು. ಬಟ್ಟೆ ಎತ್ತಿ ನೋಡಿದರೆ ಬರೀ ತೂತುಗಳ ಸಾಲು, ಹೊಲಿಗೆ ನಾಪತ್ತೆ. "ನಿನ್ನ ಮನೆ ಹಾಳಾಗ, ನಿನಗೆ ಮುಗಿಯೋಕೆ ಬೇರೆ ಹೊತ್ತೇ ಸಿಗಲಿಲ್ವಾ," ಎಂದು ಅವಳು ಬಾಬಿನ್ನನ್ನು ಹೊರಗೆ ಕಿತ್ತು, ಮತ್ತೆ ದಾರ ಸುತ್ತಲು ಕೂರುತ್ತಿದ್ದಳು.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ನಡುವೆ ಒಂದು ಪರದೆ. ಪರದೆಯ ಆಚೆ ಅವಳ ತಮ್ಮ. ಪಂಪ್ ಸ್ಟೌ ರಿಪೇರಿ ಮಾಡಿ ಮಾಡಿ ಬೀದಿಯವರ ಬಾಯಲ್ಲಿ ಅವನ ಹೆಸರು ಬರ್ನರ್ ಎಂದೇ ಆಗಿಹೋಗಿತ್ತು. ಎಲ್ಲರ ಮನೆಗೂ ಗ್ಯಾಸ್ ಬಂದ ಮೇಲೆ ಹೆಸರು ಉಳಿಯಿತು, ಕೆಲಸ ಉಳಿಯಲಿಲ್ಲ. ಸೀಮೆಎಣ್ಣೆ ಹೊಗೆ ಕುಡಿದ ಎದೆಯಲ್ಲಿ ಕೆಮ್ಮೊಂದು ಉಳಿಯಿತು. ಇಬ್ಬರಿಗೂ ಮದುವೆಯ ಯೋಗ ಕೂಡಿಬರಲಿಲ್ಲ. ಬಂದಿದ್ದರೂ ಇವರಿಬ್ಬರ ಕಿತ್ತಾಟದ ನಡುವೆ ಮೂರನೆಯವರು ಬಾಳುವುದು ಕಷ್ಟವಿತ್ತು ಎಂದು ಬೀದಿಯವರು ನಗುತ್ತಿದ್ದರು.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು, ಅವರ ಅಮ್ಮನದು. ಅಮ್ಮ ಹೊಲಿಗೆ ಕಲಿಸುತ್ತ, ಕಲಿತವರಿಗೆ ಹಳೆಯ ಮಷಿನ್ನುಗಳನ್ನು ಬಾಡಿಗೆಗೆ ಕೊಡುತ್ತಿದ್ದವಳು. ಯಾವ ಮಷಿನ್ನೇ ಆಗಲಿ, ಒಣಗಿಕೊಂಡು ಈ ಹೊಸ್ತಿಲು ದಾಟಬಾರದು ಅನ್ನುತ್ತಿದ್ದಳು. ಎಣ್ಣೆ ಬಿಟ್ಟೇ ಕಳಿಸಬೇಕು. ಅಮ್ಮ ಹೋದರೂ ಆ ಎಣ್ಣೆಬುಡ್ಡಿ ಅಕ್ಕನ ಕೈಯಿಂದ ಇಳಿಯಲಿಲ್ಲ. ಕತ್ತರಿಯ ತಿರುಪಿಗೆ ಎರಡು ಹನಿ, ಬಾಗಿಲ ಕೀಲಿಗೆ ಎರಡು ಹನಿ, ಗಿರಾಕಿಯ ಕೊಡೆ ಕಿರುಗುಟ್ಟಿದರೆ ಅದಕ್ಕೂ ಎರಡು ಹನಿ. "ನಮ್ಮಕ್ಕನ ಹತ್ರ ಜಾಸ್ತಿ ಹೊತ್ತು ನಿಲ್ಲಬೇಡಿ, ನಿಮ್ಮ ಮೊಣಕಾಲಿಗೂ ಬಿಡ್ತಾಳೆ," ಎಂದು ತಮ್ಮ ಪರದೆಯ ಆಚೆಯಿಂದಲೇ ಗಿರಾಕಿಗಳನ್ನು ಎಚ್ಚರಿಸುತ್ತಿದ್ದ.

ಕೆಲಸ ಕಡಿಮೆಯಾಗಿ ಕೈ ಖಾಲಿಯಾದ ಮೇಲೆ ಬರ್ನರನ ತಲೆಗೆ ಒಂದು ಹುಳ ಹೊಕ್ಕಿತು. ಬಿಸಿಗಾಳಿಯಿಂದ ಓಡುವ ಎಂಜಿನ್ನು. ಸ್ಟರ್ಲಿಂಗ್ ಅನ್ನುವ ಪಾದ್ರಿಯೊಬ್ಬ ಎಂದೋ ಕಂಡುಹಿಡಿದದ್ದಂತೆ. ಅದಕ್ಕೆ ಪೆಟ್ರೋಲು ಬೇಡ, ಹಬೆ ಬೇಡ. ಒಂದು ಕಡೆ ಬಿಸಿ, ಒಂದು ಕಡೆ ತಂಪು ಇದ್ದರೆ ಸಾಕು. ಪೌಡರ್ ಡಬ್ಬಿ, ಸೈಕಲ್ ಕಡ್ಡಿ, ಹಳೆಯ ಸಿ.ಡಿ., ಗುಜರಿಯಿಂದ ತಂದ ಗಾಜಿನ ಸಿರಿಂಜು, ಹೀಗೆ ಅವನ ಬೆಂಚಿನ ಮೇಲೆ ಸಾಮಾನು ಬೆಳೆಯುತ್ತ ಹೋಯಿತು. ಅಕ್ಕನಿಗೆ ಅದು ಕಸ. ಗುಡಿಸಲು ಹೋದಾಗಲೆಲ್ಲ "ಮುಟ್ಟಬೇಡ ಕಣೇ" ಅನ್ನುತ್ತಿದ್ದ. "ಮುಟ್ಟೋಕೆ ಅದೇನು ಚಿನ್ನಾನಾ," ಎಂದು ಇವಳು ಮೂಗು ಮುರಿದು ಪೊರಕೆ ಎತ್ತಿಕೊಂಡು ಬರುತ್ತಿದ್ದಳು.

ಒಂದು ದಿನ ಅವನು ಪರದೆ ಸರಿಸಿ ಬಂದು, ಸಿರಿಂಜನ್ನು ಅವಳ ಕಣ್ಣ ಮುಂದೆ ನೆಟ್ಟಗೆ ಹಿಡಿದ. ಒಳಗಿನ ಗಾಜಿನ ಕೋಲನ್ನು ಮೇಲಕ್ಕೆತ್ತಿ ಕೈಬಿಟ್ಟ. ಅದು ತನ್ನ ಭಾರಕ್ಕೆ ತಾನೇ ಸುಯ್ಯೆಂದು ಕೆಳಗಿಳಿಯಿತು.

"ನೋಡಿದ್ಯಾ? ತಳ್ಳಲೇ ಇಲ್ಲ. ತಾನಾಗೇ ಜಾರ್ತದೆ."

"ಹೂಂ," ಅಂದಳು ಅಕ್ಕ, ಸೂಜಿಯಿಂದ ಕಣ್ಣು ತೆಗೆಯದೆ.

"ಒಳಗಿರೋ ಗಾಳಿ ಕೆಳಗೆ ಬಿಸಿಯಾಗಿ ಹಿಗ್ಗುತ್ತೆ, ಈ ಕೋಲನ್ನ ತಳ್ಳುತ್ತೆ. ಮೇಲೆ ಹೋಗಿ ತಣ್ಣಗಾಗಿ ಕುಗ್ಗುತ್ತೆ, ಎಳ್ಕೊಳ್ಳುತ್ತೆ. ಹೊಸ ಗಾಳಿ ಒಂದು ಚೂರೂ ಬೇಡ. ಒಳಗಿರೋದ್ರಲ್ಲೇ ಜೀವನ."

"ಹಂಗಾದ್ರೆ ನಿನಗೂ ಅಂಥದ್ದೇ ಒಂದು ಎದೆ ಮಾಡ್ಕೋ. ರಾತ್ರಿಯೆಲ್ಲ ಕೆಮ್ಮಿ ನನ್ನ ನಿದ್ದೆ ಕೆಡಿಸೋದಾದ್ರೂ ತಪ್ಪುತ್ತೆ."

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವಳು ಕೇಳಿದಳು, "ಅದೆಲ್ಲ ಸರಿ. ಅದರಿಂದ ಏನು ಪ್ರಯೋಜನ?"

ಈ ಒಂದು ಪ್ರಶ್ನೆ ಅವನಿಗೆ ನಾಟಿತು. ಚಕ್ರ ತಿರುಗಿದರಷ್ಟೇ ಸಾಲದು, ಅದರಿಂದ ಅಕ್ಕನಿಗೆ ಏನಾದರೂ ಆಗಬೇಕು. ಪರದೆಯ ಸಂದಿಯಿಂದ ಅವಳ ಕೆಲಸವನ್ನೇ ನೋಡುತ್ತ ಕೂತ. ಇಸ್ತ್ರಿಪೆಟ್ಟಿ ದಿನದ ಮುಕ್ಕಾಲು ಪಾಲು ಸುಮ್ಮನೆ ಬಿಸಿಯಾಗಿ ಕೂತಿರುತ್ತದೆ, ಹೊಲಿದು ಹೊಲಿದು ನಡುವೆ ಒಮ್ಮೆ ಎತ್ತಿ ಒತ್ತಿದರೆ ಮುಗಿಯಿತು. ಆ ಬಿಸಿಯೆಲ್ಲ ಯಾರ ಅಪ್ಪನ ಮನೆಗೆ ಹೋಗುತ್ತಿದೆ? ಅವನು ಇಸ್ತ್ರಿಪೆಟ್ಟಿ ಇಡಲು ಒಂದು ದಪ್ಪ ಅಲ್ಯೂಮಿನಿಯಂ ತಗಡು ತಂದ. ತಗಡಿನ ಬಾಲವನ್ನು ಉದ್ದಕ್ಕೆ ಬಿಟ್ಟು, ಅದರ ಮೇಲೆ ಡಬ್ಬಿಯನ್ನು ಕೂರಿಸಿದ. ಡಬ್ಬಿಯ ತಲೆಯ ಮೇಲೆ ಒದ್ದೆ ಬಟ್ಟೆ. ಪಕ್ಕದಲ್ಲಿ ಸಿರಿಂಜು, ಮೇಲೆ ಸಿ.ಡಿ.ಯ ಚಕ್ರ. ಚಕ್ರದಿಂದ ಒಂದು ತೆಳ್ಳನೆಯ ರಬ್ಬರ್ ಪಟ್ಟಿ, ಪಟ್ಟಿಯ ಆ ತುದಿಗೆ ಬಾಬಿನ್ ಸಿಕ್ಕಿಸುವ ಕಡ್ಡಿ. ಎಂಜಿನ್ನು ಬಾಬಿನ್ನಿಗೆ ದಾರ ಸುತ್ತಬೇಕು. ಅಕ್ಕ ಬೈಯುವುದಕ್ಕೆ ಮುಂಚೆ ತುಂಬಿದ ಬಾಬಿನ್ನು ಅವಳ ಪಕ್ಕದಲ್ಲಿ ಸಿದ್ಧವಾಗಿರಬೇಕು. ಅಷ್ಟೇ ಅವನ ಆಸೆ.

ಅದು ಓಡಿದ್ದು ಒಂದು ಸಂಜೆ, ಅವಳು ಬಸ್ ಕಂಡಕ್ಟರೊಬ್ಬನ ಅಂಗಿಯ ಕಾಲರಿನಲ್ಲಿ ಮುಳುಗಿದ್ದಾಗ. ಕಂಡಕ್ಟರ್ ಬಾಗಿಲಲ್ಲೇ ಕೈಗಡಿಯಾರ ನೋಡಿಕೊಂಡು ನಿಂತಿದ್ದ. ಆರುತ್ತಿದ್ದ ಇಸ್ತ್ರಿಪೆಟ್ಟಿಯನ್ನು ತಮ್ಮ ಆಗಲೇ ಒಳಗೆ ಒಯ್ದಿದ್ದ.

"ಅಕ್ಕಾ, ಬಾರೇ. ಓಡ್ತಿದೆ."

"ಇರು, ಈ ಕಾಲರ್ ಮುಗಿಸಿ ಬರ್ತೀನಿ."

"ಅಕ್ಕಾ, ಬೇಗ ಬಾ. ಬಿಸಿ ಇಳಿಯುತ್ತೆ."

"ಬಂದೆ ಅಂದೆನಲ್ಲೋ. ಕಂಡಕ್ಟರ್ ನಿಂತಿದಾರೆ."

ಪರದೆಯ ಆಚೆಯಿಂದ ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು ಅವಳಿಗೆ ಕೇಳಿಸಿದ್ದು ನಿಜ. ಕಾಲರ್ ಮುಗಿಯಿತು, ಗುಂಡಿ ಬಂತು, ಗುಂಡಿಯಾದ ಮೇಲೆ ಕಂಡಕ್ಟರನೊಂದಿಗೆ ಎರಡು ಮಾತು. ಅವಳು ಪರದೆ ಸರಿಸಿದಾಗ ಚಕ್ರ ನಿಂತಿತ್ತು. ಕಡ್ಡಿಯ ಮೇಲೆ ನೀಲಿ ದಾರದ ಬಾಬಿನ್ನು ಅರ್ಧ ತುಂಬಿತ್ತು. ತಮ್ಮ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ. ಸಂತೋಷಕ್ಕೆ ಉಸಿರು ಕಟ್ಟಿದೆ ಅಂದುಕೊಂಡಳು ಅವಳು. ಅದು ಸಂತೋಷವಷ್ಟೇ ಆಗಿರಲಿಲ್ಲ. ಮಾರನೆಯ ದಿನ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಮೆಟ್ಟಿಲ ಬಳಿ ಕರೆದು, ಮನೆಗೆ ಕರೆದುಕೊಂಡು ಹೋಗುವ ಮಾತು ಇನ್ನಿಲ್ಲ ಎಂದರು. ಸ್ಟೌವಿನ ಹೊಗೆ ಎದೆಯನ್ನು ತಿಂದು ಮುಗಿಸಿತ್ತು. ಅವಳು ಅಲ್ಲೇ ಗೋಡೆ ಹಿಡಿದು ನಿಂತಳು. "ನಿನಗೂ ಅಂಥದ್ದೇ ಒಂದು ಎದೆ ಮಾಡ್ಕೋ" ಅಂದದ್ದು ನೆನಪಾಯಿತು. ಕಣ್ಣು ಒರೆಸಿಕೊಂಡು, ಮುಖ ಗಂಟಿಕ್ಕಿಕೊಂಡು ಒಳಗೆ ಬಂದಳು. ನಗುಮುಖ ಮಾಡಿಕೊಂಡು ಬಂದಿದ್ದರೆ ಅವನಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು.

ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಮಲಗಿದ್ದ ಅವನು, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೇಳಿದ, "ಆ ಡಬ್ಬಿ ತರ್ತೀಯಾ? ನಿನಗೆ ತೋರಿಸಬೇಕು."

"ಗುಣವಾಗಿ ಮನೆಗೆ ಬಾ, ಅಲ್ಲೇ ನೋಡ್ತೀನಿ."

"ನೀನು ಗುಡಿಸಿ ಗುಜರಿಗೆ ಹಾಕ್ತೀಯ ಅಂತ ನನಗೆ ಗೊತ್ತು. ಹಾಕು, ಬೇಡ ಅನ್ನಲ್ಲ. ಒಂದ್ಸಲ ಓಡೋದು ನೋಡಿ ಆಮೇಲೆ ಹಾಕು."

ಅವಳು ಹೂಂ ಅಂದಳು. ಈ ಸಲದ ಹೂಂ ಬೇರೆ. ಇದೊಂದನ್ನಾದರೂ ಕಣ್ತುಂಬ ನೋಡಿ ಅವನಿಗೆ ಭೇಷ್ ಅನ್ನಬೇಕು. ಹುಟ್ಟಿದಾಗಿನಿಂದ ಬೈದದ್ದಕ್ಕೆಲ್ಲ ಸೇರಿಸಿ ಒಂದು ಭೇಷ್.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಬೆಂಚಿನ ಮುಂದೆ ಕೂತು ಎಂಜಿನ್ನನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಹಾಳಾದವನು, ಎಷ್ಟು ನಾಜೂಕಾಗಿ ಮಾಡಿದ್ದ. ಸೈಕಲ್ ಕಡ್ಡಿಯನ್ನು ಬಗ್ಗಿಸಿದ ಕಡೆಯಲ್ಲಿ ಒಂದು ತರಚೂ ಇರಲಿಲ್ಲ. ಧೂಳನ್ನು ಉಫ್ ಎಂದು ಊದಿದಳು. ಚಕ್ರದ ಅಚ್ಚನ್ನು ಮುಟ್ಟಿದಳು, ಒಣಗಿತ್ತು. ಸಿರಿಂಜನ್ನು ಮುಟ್ಟಿದಳು, ಅದಂತೂ ಒಣ ಮೂಳೆಯ ಹಾಗಿತ್ತು. ಅಯ್ಯೋ ಪಾಪ, ಇವನು ಆಸ್ಪತ್ರೆ ಸೇರಿದ ಮೇಲೆ ಇದನ್ನು ಕೇಳುವವರೇ ಇಲ್ಲ ಎಂದುಕೊಂಡಳು. ಅಮ್ಮನ ಎಣ್ಣೆಬುಡ್ಡಿ ತಂದು ಅಚ್ಚಿಗೆ ಎರಡು ಹನಿ, ಕಡ್ಡಿಗೆ ಎರಡು ಹನಿ, ಗಾಜಿನ ಕೋಲನ್ನು ಹೊರಗೆಳೆದು ಅದರ ಮೈಗೆಲ್ಲ ಬೆರಳಲ್ಲಿ ತೆಳ್ಳಗೆ ಸವರಿ ಮತ್ತೆ ಕೂರಿಸಿದಳು. ಎಳೆಗೂಸಿಗೆ ಎಣ್ಣೆ ಹಚ್ಚುವಷ್ಟು ಜೋಪಾನವಾಗಿ ಹಚ್ಚಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ತಗಡನ್ನೂ ಇಸ್ತ್ರಿಪೆಟ್ಟಿಯನ್ನೂ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋದಳು.

ಆಕ್ಸಿಜನ್ ಇರುವ ಕಡೆ ಬಿಸಿ ಸಾಮಾನು ಕೂಡದು ಎಂದು ನರ್ಸಮ್ಮ ಮೊದಲು ಖಡಾಖಂಡಿತವಾಗಿ ಹೇಳಿದಳು. ಆಮೇಲೆ ಅವನ ಮುಖ ನೋಡಿ ಅವಳೇ ಕರಗಿದಳು. ನಳಿಗೆ ತೆಗೆದು, ಗಾಲಿಕುರ್ಚಿಯಲ್ಲಿ ಕೂರಿಸಿ, ಪಕ್ಕದ ಊಟದ ಕೋಣೆಗೆ ತಳ್ಳಿಕೊಂಡು ಬಂದಳು. "ಸ್ವಲ್ಪ ಹೊತ್ತು ಅಷ್ಟೇ. ತುಟಿ ನೀಲಿಯಾದ್ರೆ ನಾನು ಕೇಳಲ್ಲ, ಎತ್ತಿಕೊಂಡು ಹೋಗ್ತೀನಿ."

ಮೇಜಿನ ಮೇಲೆ ತಗಡು, ತಗಡಿನ ಮೇಲೆ ಇಸ್ತ್ರಿಪೆಟ್ಟಿ, ಬಾಲದ ಮೇಲೆ ಎಂಜಿನ್ನು. ಅಕ್ಕ ಪ್ಲಗ್ ಹಾಕಿದಳು, ಒದ್ದೆ ಬಟ್ಟೆ ಹೊದಿಸಿದಳು. ಬಿಸಿ ಏರುವುದನ್ನು ಕಾಯುತ್ತ ಕೂತರು. ತಮ್ಮನ ಕಣ್ಣಲ್ಲಿ ಹುಡುಗಾಟದ ಮಿಂಚಿತ್ತು, ಎಷ್ಟೋ ದಿನದ ಮೇಲೆ.

"ಈಗ ನೋಡು," ಎಂದು ಅವನು ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಳ್ಳಿದ.

ಚಕ್ರ ಅರ್ಧ ಸುತ್ತು ಹೋಗಿ ನಿಂತಿತು.

ಇನ್ನೊಂದು ಸಲ ತಳ್ಳಿದ. ಅರ್ಧ ಸುತ್ತು. ಅಕ್ಕ ತಳ್ಳಿದಳು. ಅರ್ಧ ಸುತ್ತೂ ಇಲ್ಲ. "ಇನ್ನೂ ಬಿಸಿಯಾಗಿಲ್ವೇನೋ," ಅಂದಳು. ಕಾದರು. ತಗಡಿನ ಮೇಲೆ ನೀರಿನ ಹನಿ ಬಿದ್ದರೆ ಚುಯ್ಯೆನ್ನುವಷ್ಟು ಬಿಸಿಯಾಯಿತು. ಚಕ್ರ ಮಾತ್ರ ಹಟ ಹಿಡಿದಿತ್ತು.

ತಮ್ಮ ಬಾಗಿ ಸಿರಿಂಜಿನ ಕೋಲನ್ನು ಮುಟ್ಟಿದ. ಹೆಬ್ಬೆರಳಿಗೂ ತೋರುಬೆರಳಿಗೂ ತಿಕ್ಕಿದ. ಆಮೇಲೆ ಮೂಗು ತುರಿಸಿಕೊಳ್ಳುವವನ ಹಾಗೆ ಬೆರಳನ್ನು ಮೂಗಿನ ಹತ್ತಿರ ಒಯ್ದ. ತಲೆಯೆತ್ತಿ ಅಕ್ಕನ ಕೈಗಳನ್ನು ನೋಡಿದ, ಆಮೇಲೆ ಮುಖವನ್ನು. ತುಂಬ ಹೊತ್ತು ನೋಡಿದ.

"ಏನೋ? ಏನು ಬೇಕು?" ಅಂದಳು ಅಕ್ಕ. "ನಾನು ಏನಾದ್ರೂ ತಪ್ಪು ಕೂರಿಸಿದ್ನಾ?"

ಅವನು ಬೆರಳನ್ನು ಹೊದಿಕೆಗೆ ಒರೆಸಿಕೊಂಡ.

"ಇಲ್ಲ ಕಣೇ. ಇದು ಓಡೋ ಎಂಜಿನ್ನೇ ಅಲ್ಲ. ನನಗೆ ಮೊದಲೇ ಗೊತ್ತಿತ್ತು."

"ಮತ್ತೆ ಆವತ್ತು ಓಡ್ತಿದೆ ಅಂತ ಕರೆದ್ಯಲ್ಲ?"

"ಸುಳ್ಳು. ನೀನು ಬರಲಿ ಅಂತ ಬೆರಳಲ್ಲಿ ತಿರುಗಿಸ್ತಿದ್ದೆ. ಬಾಬಿನ್ನೂ ಕೈಯಲ್ಲೇ ಸುತ್ತಿದ್ದು."

ಅಕ್ಕ ಅವನನ್ನೇ ನೋಡಿದಳು. ಆಮೇಲೆ, ನಂಬುತ್ತೀರೋ ಇಲ್ಲವೋ, ನಕ್ಕುಬಿಟ್ಟಳು. ಆವತ್ತು ಕರೆದ ಕೂಡಲೇ ಪರದೆ ಸರಿಸಿ ಹೋಗಲಿಲ್ಲವಲ್ಲ ಎಂದು ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿಹೋದಂತಾಯಿತು. ಹೋಗಿದ್ದರೂ ನೋಡಲಿಕ್ಕೆ ಅಲ್ಲಿ ಏನೂ ಇರಲಿಲ್ಲ. "ಕಳ್ಳ," ಅಂದಳು. "ಸಾಯೋ ತನಕ ನಿನಗೆ ಬುದ್ಧಿ ಬರಲ್ಲ." ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಅವನೂ ನಗುತ್ತಿದ್ದ. ನರ್ಸಮ್ಮ ಅವನ ತುಟಿ ನೋಡಿ ಗಾಲಿಕುರ್ಚಿಯನ್ನು ತಿರುಗಿಸಿದಳು. ಬಾಗಿಲ ಬಳಿ ಅವನು ಕತ್ತು ಹೊರಳಿಸಿ ಎಂಜಿನ್ನನ್ನು ಒಂದು ಸಲ ನೋಡಿದ. ಅಕ್ಕ ಆಗಲೇ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು.

ಆ ವಾರ ಮುಗಿಯುವುದರೊಳಗೆ ಅವನು ಹೋದ. ಭೇಷ್ ಅನ್ನುವುದು ಅವಳ ಬಾಯಲ್ಲೇ ಉಳಿಯಿತು. ಓಡದ ಎಂಜಿನ್ನಿಗೆ ಭೇಷ್ ಅನ್ನುವುದು ಹೇಗೆ ಎಂದು ಆವತ್ತು ಸುಮ್ಮನಿದ್ದಳು.

ಸಾವಿನ ಗದ್ದಲ ಮುಗಿದು, ಬಂದವರೆಲ್ಲ ಹೋಗಿ, ಅಂಗಡಿ ಮತ್ತೆ ತೆರೆಯಿತು. ಅಕ್ಕ ಬಾಬಿನ್ನನ್ನು ಬೈಯುವುದನ್ನು ಬಿಟ್ಟಿದ್ದಳು. ಪರದೆಯ ಆಚೆಯಿಂದ ನಗುವವರಿಲ್ಲದ ಮೇಲೆ ಬೈದು ಏನು ಸುಖ? ದಾರ ಮುಗಿದರೆ ಸುಮ್ಮನೆ ತೆಗೆದು ಸುತ್ತುತ್ತಿದ್ದಳು. ಬೀದಿಯವರಿಗೆ ಆ ಮೌನವೇ ಕಿವಿಗೆ ಬಡಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅಸ್ತರಿಗೆ ಬಿಳಿ ಬಟ್ಟೆ ಬೇಕಾಗಿ ಹುಡುಕಿದಾಗ ಆ ಗಂಟು ಸಿಕ್ಕಿತು. ಬಿಚ್ಚಿದಳು. ಬಟ್ಟೆಯ ನಡುವೆ ಅಂಗೈಯಗಲ ಎಣ್ಣೆಯ ಕಲೆ. ಎಣ್ಣೆಯ ಕಲೆ ಕಂಡರೆ ಹೊಲಿಗೆಯವರ ಕೈ ಸುಮ್ಮನಿರುವುದಿಲ್ಲ. ಸ್ಪಿರಿಟ್ ಬಾಟಲಿ ತಂದು ಕಲೆ ತಿಕ್ಕಿದಳು. ಎಲ್ಲಿಂದ ಇಷ್ಟು ಸೋರಿತು ಎಂದು ಎಂಜಿನ್ನನ್ನು ಎತ್ತಿ ನೋಡಿದಳು. ಸಿರಿಂಜಿನ ಸುತ್ತ ಎಣ್ಣೆ ಮಂದವಾಗಿ, ಧೂಳು ಹಿಡಿದು ಅಂಟಾಗಿತ್ತು. ಗಾಜಿನ ಕೋಲನ್ನು ಮೇಲಕ್ಕೆಳೆದು ಬಿಟ್ಟಳು. ಅದು ಅಲ್ಲೇ ನಿಂತುಕೊಂಡಿತು.

ತಾನಾಗೇ ಜಾರ್ತದೆ, ಅಂದಿದ್ದ ಅವನು.

ಸ್ಪಿರಿಟ್ ಬಾಟಲಿಯನ್ನು ಹತ್ತಿರ ಎಳೆದುಕೊಂಡಳು. ಕೋಲನ್ನು ಹೊರಗೆ ತೆಗೆದು ಸ್ಪಿರಿಟ್ಟಿನಲ್ಲಿ ಒರೆಸಿದಳು. ಕೊಳವೆಯೊಳಗೆ ಬಟ್ಟೆಯ ಚೂರು ತುರುಕಿ ಒರೆಸಿದಳು, ಅಚ್ಚನ್ನೂ ಕಡ್ಡಿಯನ್ನೂ ಒರೆಸಿದಳು. ಎಲ್ಲ ಒಣಗಲು ಬಿಟ್ಟು, ಕೋಲನ್ನು ಮತ್ತೆ ಕೊಳವೆಗೆ ಇಳಿಸಿ ಕೈಬಿಟ್ಟಳು. ಸುಯ್ಯೆಂದು ತಳಕ್ಕೆ ಹೋಯಿತು.

ತಗಡಿನ ಮೇಲೆ ಇಸ್ತ್ರಿಪೆಟ್ಟಿ ಇಟ್ಟು ಪ್ಲಗ್ ಹಾಕಿದಳು. ನೀಲಿ ದಾರದ ಅರ್ಧ ಬಾಬಿನ್ನು ಅವನು ಬಿಟ್ಟುಹೋದ ಹಾಗೆ ಕಡ್ಡಿಯ ಮೇಲೇ ಇತ್ತು, ಅದರ ದಾರದ ತುದಿಯನ್ನು ಉಂಡೆಯ ದಾರಕ್ಕೆ ಗಂಟು ಹಾಕಿದಳು. ಡಬ್ಬಿಯ ಮೇಲೆ ಒದ್ದೆ ಬಟ್ಟೆ. ಓಡಬೇಡ, ಓಡಬೇಡ ಎಂದು ಒಳಗೊಳಗೇ ಬೇಡಿಕೊಂಡಳು. ಓಡದಿದ್ದರೆ ಅವನು ಹೇಳಿದ್ದೇ ನಿಜವಾಗುತ್ತದೆ. ಬಿಸಿ ಏರಿತು. ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಳ್ಳಿದಳು.

ಓಡಿತು.

ಟಿಕ್ ಟಿಕ್ ಎಂದು, ಅದೇ ಸದ್ದು. ಗಾಜಿನ ಕೋಲು ಏರಿತು, ಇಳಿಯಿತು. ಬಾಬಿನ್ನು ತಿರುಗಿ, ನೀಲಿ ದಾರ ಎಳೆಯ ಪಕ್ಕ ಎಳೆಯಾಗಿ ಕೂರುತ್ತ ಬಂತು. ಇವಳು ಕೈಯಲ್ಲಿ ಎಂದೂ ಅಷ್ಟು ಸಮನಾಗಿ ಸುತ್ತಿದವಳಲ್ಲ.

ಆವತ್ತು ಅವನು ಬೆರಳು ತಿಕ್ಕಿ ಮೂಸಿದ್ದು, ಅವಳ ಕೈ ನೋಡಿದ್ದು, ಹೊದಿಕೆಗೆ ಒರೆಸಿಕೊಂಡದ್ದು, ಒಂದೊಂದೇ ಅವಳ ಮುಂದೆ ಬಂದು ನಿಂತಿತು. ಅವನಿಗೆ ಗೊತ್ತಾಗಿತ್ತು. ಆ ಎಣ್ಣೆಯ ವಾಸನೆಯಲ್ಲೇ ಬೆಳೆದ ಮೂಗು, ಗೊತ್ತಾಗದೆ ಇರುತ್ತದೆಯೇ? ಎಣ್ಣೆ ಯಾಕೆ ಬಿಟ್ಟೆ ಎಂದು ಒಂದು ಮಾತು ಅನ್ನಬಹುದಿತ್ತು. ಅಂದಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು, ಅದೂ ಗೊತ್ತಿತ್ತು ಅವನಿಗೆ. ಅದಕ್ಕೇ ತನ್ನ ಬದುಕಿನಲ್ಲಿ ಗೆದ್ದ ಒಂದೇ ಒಂದು ಸಂಜೆಯನ್ನು ಸುಳ್ಳು ಎಂದುಬಿಟ್ಟ. ಅವಳು ಅದನ್ನು ನಂಬಿ ನಕ್ಕಳು. ಕಳ್ಳ ಎಂದಳು.

"ಲೋ," ಎಂದಳು ಅಕ್ಕ ಪರದೆಯ ಕಡೆಗೆ. "ಬಾರೋ. ಓಡ್ತಿದೆ."

ಆಮೇಲೆ, ಸೆರಗೂ ನೆನಪಾಗದೆ, ಕೈಗೆ ಸಿಕ್ಕ ಯಾರದೋ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅವನು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಎಂಜಿನ್ನು ತನ್ನ ಪಾಡಿಗೆ ಸುತ್ತುತ್ತಲೇ ಇತ್ತು. ಬಾಬಿನ್ನು ತುಂಬಿ ದಾರ ಅಂಚಿಗೆ ಬಂದಾಗ ಅವಳು ಕಣ್ಣೊರೆಸಿಕೊಂಡು ದಾರ ಕತ್ತರಿಸಿ, ಪ್ಲಗ್ ತೆಗೆದಳು. ತಗಡಿನಲ್ಲಿ ಇನ್ನೂ ಬಿಸಿ ಇತ್ತು. ಚಕ್ರ ಓಡುತ್ತಿತ್ತು.

ಬಾಗಿಲಲ್ಲಿ ಕಂಡಕ್ಟರ್ ಬಂದು ನಿಂತ, ಪ್ಯಾಂಟಿನ ಮಡಿಕೆ ಹೊಲಿಸಿಕೊಂಡು ಹೋಗಲು. ಕೈಗಡಿಯಾರ ನೋಡಿಕೊಂಡ.

"ಅಕ್ಕಾ, ಸ್ವಲ್ಪ ಬೇಗ. ಬಸ್ಸು ಹೊರಡೋ ಹೊತ್ತಾಯ್ತು."

ಅವಳು ತಿರುಗಿ ನೋಡಲಿಲ್ಲ.

"ಇರಿ," ಅಂದಳು. "ಇದು ನಿಲ್ಲಲಿ. ಆಮೇಲೆ ಬರ್ತೀನಿ."

ಕಂಡಕ್ಟರ್ ಅವಳ ಮುಖ ನೋಡಿದ. ಸ್ಟೂಲು ಎಳೆದುಕೊಂಡು ಕೂತ. ಬಿಸಿ ಮೆಲ್ಲಗೆ ಇಳಿಯುತ್ತಿತ್ತು, ಟಿಕ್ ಟಿಕ್ ಸದ್ದು ನಿಧಾನವಾಗುತ್ತಿತ್ತು, ಅಕ್ಕ ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದಳು.